ಹದಿನಾಲ್ಕನೆಯ ಟೈ

ಒಂಬತ್ತಕ್ಕೆ ಹತ್ತು ನಿಮಿಷವಿರುವಾಗ
ಗೋಡೆಯ ಬಾಯಿ ರಾತ್ರಿಯೆಲ್ಲ ನುಂಗಿದ್ದನ್ನು
ಬಾಚಿ ತೆಗೆಯುವುದು ನನ್ನ ಕೆಲಸ.
ಡಂಡೀ ಊರಿನ ಗಾಳಿ ನದೀಮುಖದಿಂದ ನೇರ ಎದ್ದು ಬಂದು
ಪೆಟ್ಟಿಗೆಯೊಳಗೂ ಒಂದಿಷ್ಟು ಉಪ್ಪು ಉದುರಿಸಿರುತ್ತದೆ.
ಪುಸ್ತಕಗಳು ಒಂದರ ಮೇಲೊಂದು ಕವುಚಿ ಬಿದ್ದಿರುತ್ತವೆ
ಕುಡಿದು ಬಂದ ಅಣ್ಣತಮ್ಮಂದಿರ ಹಾಗೆ.

ಪುಟದೊಳಗೆ ಏನೇನೋ ಸಿಗುತ್ತದೆ: ಬಸ್ಸಿನ ಚೀಟಿ,
ಒಣಗಿದ ಮೀನಿನ ಮುಳ್ಳು,
ಒಮ್ಮೆ, ಇನ್ನೂ ಹುಟ್ಟದ ಕೂಸಿನ ಬೂದು ಚಿತ್ರ.
ಮೇಜಿನ ಗಾಜಿನಡಿ ಇಟ್ಟೆವು. ಯಾರೂ ಕೇಳಿ ಬರಲಿಲ್ಲ.
ಈಗ ಅದಕ್ಕೆ ಆರು ತುಂಬಿರಬೇಕು;
ಶನಿವಾರ ಕಥೆಗೆ ಬಂದು ಕೂರುವ ಮಕ್ಕಳಲ್ಲಿ
ಯಾರದಪ್ಪಾ ಆ ಮೂಗು ಎಂದು
ಇಶ್ಬೆಲ್ ಇವತ್ತಿಗೂ ಹುಡುಕುತ್ತಾಳೆ.

ಪುಸ್ತಕವೊಂದೇ ಅಲ್ಲ. ನಾವು ಕಡ ಕೊಡುವ ಸಾಮಾನಿನ ಪಟ್ಟಿ ಕೇಳಿದ್ದರೆ
ಅಜ್ಜಿ ನಕ್ಕೂ ನಕ್ಕೂ
ಸೆಣಬಿನ ಗಿರಣಿಯ ಹಳೇ ಕೆಮ್ಮು ಕೆಮ್ಮುತ್ತಿದ್ದಳು:
ಗೋಡೆ ಕೊರೆಯುವ ಡ್ರಿಲ್ಲು, ಹುಟ್ಟುಹಬ್ಬಕ್ಕೆ ಕೇಕಿನ ಅಚ್ಚು,
ಒಂದು ಹಿಡಿ ಬಟಾಣಿ ಬೀಜ
(ಬೆಳೆದುಕೊಂಡು, ಬರುವ ವರ್ಷ ಒಂದು ಹಿಡಿ ತಂದುಕೊಡಿ;
ತಾರದಿದ್ದರೆ, ಇರಲಿ, ಹಕ್ಕಿ ತಿಂತು ಅಂತ ಬರೆದುಕೊಳ್ಳುತ್ತೇವೆ).

ಮತ್ತೆ, ರೇಡಿಯೇಟರ್ ಪಕ್ಕದ ಕುರ್ಚಿ.
ಅದಕ್ಕೆ ಕಾರ್ಡೂ ಬೇಡ, ಸಹಿಯೂ ಬೇಡ.
ಅಲ್ಲಿ ಪೆಟ್ರಿ ಕೂರುತ್ತಾನೆ, ಹತ್ತರಿಂದ ನಾಲ್ಕರ ತನಕ,
ಮಡಿಲಲ್ಲಿ ಒಂದೇ ಪತ್ರಿಕೆ, ಒಂದೇ ಪುಟ.
ಮನೆಯ ಮೀಟರಿಗೆ ಹಾಕಲು ಅವನ ಬಳಿ ದುಡ್ಡಿಲ್ಲ:
ನಮಗೆ ಗೊತ್ತು. ನಮಗೆ ಗೊತ್ತೆಂದು ಅವನಿಗೂ ಗೊತ್ತು.
ಹಾಗಾಗಿ ಚಳಿಯ ಮಾತೇ ಎತ್ತದೆ
ಫುಟ್‌ಬಾಲಿನ ಬಗ್ಗೆ ಜಗಳವಾಡುತ್ತೇವೆ.

ಬಾಗಿಲ ಬಳಿ ಇಪ್ಪತ್ತು ಟೈಗಳು ತೂಗುತ್ತವೆ.
ಕೆಲಸದ ಸಂದರ್ಶನಕ್ಕೆ ಹೋಗುವವರಿಗೆ, ಮೂರು ವಾರದ ವಾಯಿದೆ.
ಹೋದ ಫೆಬ್ರವರಿಯಲ್ಲಿ ಕಿಫ್ಲೊಮ್ ಬಂದ,
ಹದಿನಾಲ್ಕನ್ನು ಆರಿಸಿದ: ಕಡುನೀಲಿ, ಮೇಲೆ ಪುಟ್ಟ ಲಂಗರುಗಳು.
ಕೈಯಲ್ಲಿ ಹಿಡಿದು ನಿಂತೇ ಇದ್ದ,
ಹಾವಾಡಿಗನಲ್ಲದವನ ಕೈಗೆ ಹಾವು ಕೊಟ್ಟ ಹಾಗೆ.
ಇಶ್ಬೆಲ್‌ಗೆ ಕಟ್ಟಲು ಬರದು. ನನಗೂ.

ನಾಲ್ಕಕ್ಕೆ ಮುಂಚೆ ಆ ಕುರ್ಚಿಯಿಂದ ಪೆಟ್ರಿ ಎದ್ದದ್ದನ್ನು
ಅವತ್ತೇ ನಾನು ನೋಡಿದ್ದು.
ಎದುರು ನಿಂತು ಕಟ್ಟಲು ನೋಡಿದ, ಬೆರಳು ತಡವರಿಸಿತು,
ಕನ್ನಡಿಯಲ್ಲಿ ಕಲಿತ ವಿದ್ಯೆ ತಿರುವುಮುರುವಾಯಿತು.
‘ತಾಳು’ ಅಂದ. ತನ್ನ ಕೊರಳಿಗೇ ಸುತ್ತಿಕೊಂಡ,
ಕಣ್ಣು ಮುಚ್ಚಿ ಕಟ್ಟಿದ, ಸಡಿಲಿಸಿ ತಲೆಯ ಮೇಲಿಂದ ತೆಗೆದು
ಹುಡುಗನ ತಲೆಯ ಮೇಲಿಂದ ಇಳಿಸಿದ.
ಇಬ್ಬರೂ ಕೆಮ್ಮಿದರು. ಅಷ್ಟೆ.

ಕೆಲಸ ಸಿಕ್ಕಿತೋ ಇಲ್ಲವೋ ಗೊತ್ತಿಲ್ಲ.
ಹನ್ನೆರಡನೆಯ ದಿನ, ಗೋಡೆಯ ಬಾಯಲ್ಲಿ
ಕಾಗದದ ಚೀಲ, ಅದರೊಳಗೆ ಹದಿನಾಲ್ಕು,
ಗಂಟು ಬಿಚ್ಚದೆ.

ಬಂದದ್ದನ್ನು ಒಗೆದು, ಇಸ್ತ್ರಿ ಮಾಡಿ, ನೇರ ತೂಗುಹಾಕಬೇಕು,
ಇದು ನಿಯಮ. ಇಸ್ತ್ರಿಪೆಟ್ಟಿಗೆ ಕಾಯಿತು.
ನಾನು ಆ ಗಂಟನ್ನೇ ನೋಡುತ್ತಾ ಕೂತೆ.
ಒಳಗೆ ಪೆಟ್ರಿಯ ಹೆಬ್ಬೆರಳಿನಷ್ಟು ಜಾಗವಿತ್ತು.
ಹಾಗೇ ತೂಗುಹಾಕಿದೆ.
ಅಂದಿನಿಂದ ಎಲ್ಲಕ್ಕಿಂತ ಮೊದಲು ಖರ್ಚಾಗುವುದು ಅದೇ.

ಮೊನ್ನೆ ನಗರಸಭೆಯಿಂದ ಲೆಕ್ಕದವರು ಬಂದಿದ್ದರು.
ಕುರ್ಚಿ ಎಣಿಸಿದರು, ಡ್ರಿಲ್ಲು ಎಣಿಸಿದರು,
ಟೈ ಮುಟ್ಟಿ, ‘ಇದು ಸುಕ್ಕಾಗಿದೆ, ಬರ್ಖಾಸ್ತು ಮಾಡೋಣವೇ?’
ಇಶ್ಬೆಲ್ ಎಂದೂ ದನಿ ಏರಿಸಿದವಳಲ್ಲ.
‘ಯಾರಪ್ಪನ ಗಂಟು ಅಂತ ಬಿಚ್ಚೋಕೆ ಹೊರಟಿರಿ?’ ಅಂದುಬಿಟ್ಟಳು.
ಯಾರಪ್ಪನದೂ ಅಲ್ಲ. ಅದಕ್ಕೇ.

ಇವತ್ತು ಹದಿನಾಲ್ಕು ಹೊರಗಿದೆ, ಗುರುವಾರ ಬರಬೇಕು.
ರೇಡಿಯೇಟರಿನೊಳಗೆ ನೀರು ಗೊಣಗುತ್ತಿದೆ.
ಪೆಟ್ರಿ ಬಾಯಿ ತೆರೆದು ನಿದ್ದೆ ಹೋಗಿದ್ದಾನೆ,
ಪತ್ರಿಕೆ ಜಾರುತ್ತಿದೆ;
ಬೀಳುವ ಮೊದಲು ಹೋಗಿ ಹಿಡಿಯಬೇಕು.